ಕೆಳಗಿನ ಹೆಗಲು

“ನಿಮ್ಮವ್ವ ಅಳಿಯನ ಜೊತೆ ತನ್ನನ್ನೂ ಸೇರಿಸಿ ಹಗ್ಗ ಕಟ್ಕೊಂಡು ಕೂತ್ಬಿಟ್ಟಿದಾಳೆ ಕಣೇ! ತಾನೂ ಇಳಿಯಲ್ವಂತೆ, ಅವನನ್ನೂ ಇಳಿಸೋಕೆ ಬಿಡಲ್ವಂತೆ!”

ಇಸ್ತ್ರಿ ಅತ್ತೆ ಹೊಸ್ತಿಲ ಆಚೆ ನಿಂತು ಕಿರುಚಿದಳು. ಮನೆ ಮನೆಗೆ ಕೊಡಬೇಕಾದ ಇಸ್ತ್ರಿ ಬಟ್ಟೆಯ ಗಂಟು ಇನ್ನೂ ತಲೆ ಮೇಲೇ ಇತ್ತು. ಗಂಟು ಇಳಿಸದೆ ಓಡಿ ಬಂದಿದ್ದಾಳೆ ಅಂದರೆ ಸುದ್ದಿ ಸಣ್ಣದಲ್ಲ.

“ಯಾರು? ನಮ್ಮವ್ವಾನಾ?”

“ಇನ್ಯಾರೇ? ನಿಂಗೇನು ಡಜನ್ ಅವ್ವಂದಿರಿದಾರಾ?”

ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಮಾವನನ್ನು, ಅಂದರೆ ಅವ್ವನ ಅಣ್ಣನನ್ನು, ಮಗ್ಗುಲಿಗೆ ತಿರುಗಿಸಿ ಬೆನ್ನು ಒರೆಸುತ್ತಿದ್ದೆ. ತಣ್ಣೀರು. ಬಟ್ಟೆ ತಾಗಿದಾಗಲೆಲ್ಲ ಮಾವನ ಚರ್ಮ ನಡುಗುತ್ತಿತ್ತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಮಲಗಿ ಮಲಗಿ ಸೊಂಟದ ಕೆಳಗೆ ಹುಣ್ಣಾಗಿದೆ. ಹುಣ್ಣು ನಾರುತ್ತದೆ. ಅದು ಮಾವನಿಗೂ ಗೊತ್ತು. ಅದಕ್ಕೇ ಯಾರಾದರೂ ಬಂದರೆ “ಬಾಗಿಲು ಹಾಕು” ಅನ್ನುತ್ತಾನೆ. ಇಸ್ತ್ರಿ ಅತ್ತೆ ಹೊರಗೇ ನಿಂತದ್ದು ಅದಕ್ಕೇ. ಅವಳ ಒಳ್ಳೆಯತನ ಅಷ್ಟು.

ಮಾವ ಗೋಡೆಗೆ ಮುಖ ಮಾಡಿಯೇ ಕೇಳಿದ. “ಯಾವ ಬಿಲ್ಡಿಂಗು?”

“ಆ ಹಳದಿದು ಅಣ್ಣ, ಹೊಸದು.”

“ಕೆಳಗಿನ ಹೆಗಲಿಗೆ ಯಾರನ್ನ ಕರ್ದಿದ್ರು?”

“ಅದೆಲ್ಲ ನಂಗೇನು ಗೊತ್ತು? ನಾನು ಎದುರು ಮನೆಗೆ ಬಟ್ಟೆ ಕೊಡೋಕೆ ಹೋದೋಳು.”

“ಅವಳನ್ನೇ ಕರ್ದಿದಾರೆ,” ಅಂದ ಮಾವ. “ನನ್ನ ಜಾಗಕ್ಕೆ ಅವಳನ್ನೇ ಕರ್ದಿದಾರೆ.”

ಆಮೇಲೆ ನನಗೆ ಹೇಳಿದ. “ಬಟ್ಟೆ ಬಿಡು. ಓಡು.”

ಅಳಿಯ ಅಂದರೆ ಗಂಡಸಲ್ಲ. ನನಗಿನ್ನೂ ಮದುವೆಯಾಗಿಲ್ಲ, ಕಾಲೇಜು ಮುಗಿದಿಲ್ಲ. ಅಳಿಯ ಅಂದರೆ ಒಂದು ಸೋಲಾರ್ ಟ್ಯಾಂಕು.

ಹೊಸ ಕಟ್ಟಡ ಕಟ್ಟಿದರೆ ಮೇಲೆ ಸೋಲಾರ್ ಬಿಸಿನೀರಿನ ಟ್ಯಾಂಕು ಇರಲೇಬೇಕು. ಹಾಗಂತ ನಿಯಮ. ಇಲ್ಲದಿದ್ದರೆ ಜನ ವಾಸಕ್ಕೆ ಬರಲು ಪರವಾನಗಿ ಸಿಗುವುದಿಲ್ಲ. ನಿಯಮವೇನೋ ಒಳ್ಳೆಯದೇ. ಆದರೆ ಟ್ಯಾಂಕು ಹಾಕಿಸುವುದಕ್ಕಿಂತ ಟ್ಯಾಂಕು ತೋರಿಸುವುದು ಸುಲಭ. ಅದಕ್ಕೇ ನಮ್ಮ ಮೇಸ್ತ್ರಿ ಹತ್ತಿರ ಒಂದು ಟ್ಯಾಂಕಿದೆ. ಆಫೀಸಿನ ಸಾಹೇಬರು ನೋಡಲು ಬರುವ ಹೊತ್ತಿಗೆ ಅದು ಆ ತಾರಸಿ ಮೇಲೆ ಕೂತಿರುತ್ತದೆ. ಸಾಹೇಬರು ಫೋಟೋ ಹೊಡೆದು ಹೋಗುತ್ತಾರೆ. ಟ್ಯಾಂಕು ಇಳಿಯುತ್ತದೆ. ಇನ್ನೊಂದು ಕಟ್ಟಡದ ಮೇಲೆ ಹತ್ತುತ್ತದೆ. ಅದೇ ಸಾಹೇಬರು, ಅದೇ ಟ್ಯಾಂಕು. ಪೈಪುಗಳು ಗೋಡೆಯೊಳಗೆ ಹೋದ ಹಾಗೆ ಕಾಣುತ್ತವೆ. ಎಲ್ಲಿಗೂ ಹೋಗುವುದಿಲ್ಲ.

ಅದಕ್ಕೆ ಅಳಿಯ ಅಂತ ಹೆಸರಿಟ್ಟವನು ಕುಳ್ಳ. ಅವ್ವನ ಜೊತೆ ಹೊರೆ ಹೊರುವವನು. “ಬರ್ತಾನೆ, ಎತ್ತರದ ಜಾಗದಲ್ಲಿ ಕೂರ್ತಾನೆ, ಫೋಟೋ ತೆಗೆಸ್ಕೊಳ್ತಾನೆ, ಒಂದು ಚೊಂಬು ನೀರೂ ಕಾಯಿಸಲ್ಲ, ಹೊರಟ್ಹೋಗ್ತಾನೆ. ಹೊರೋರು ಮಾತ್ರ ನಾವು. ಅಳಿಯ ಅಲ್ದೆ ಇನ್ನೇನು?” ಅಂದಿದ್ದ. ಮಾವ ಬಿದ್ದು ಬಿದ್ದು ನಕ್ಕಿದ್ದ. ಮಾವ ಆಗ ನಡೆಯುತ್ತಿದ್ದ.

ಹೊಸ ಕಟ್ಟಡಗಳಲ್ಲಿ ಲಿಫ್ಟ್ ಇರುತ್ತದೆ. ಹೊರುವವರು ಹತ್ತುವ ಹಾಗಿಲ್ಲ. ಗೋಡೆಗೆ ಗೀರು ಬೀಳುತ್ತದಂತೆ. ಟ್ಯಾಂಕು ಮೆಟ್ಟಿಲಲ್ಲೇ ಹೋಗಬೇಕು, ಮೆಟ್ಟಿಲಲ್ಲೇ ಬರಬೇಕು. ಒಂದು ಆಳುದ್ದದ ಉರುಟು ಟ್ಯಾಂಕು. ಮೇಲಿನ ತುದಿಗೆ ಒಬ್ಬ, ಹಗ್ಗ ಹಿಡಿದು. ಕೆಳಗಿನ ತುದಿಗೆ ಒಬ್ಬ, ಹೆಗಲು ಕೊಟ್ಟು. ಹತ್ತಿಸುವಾಗಲೂ ಇಳಿಸುವಾಗಲೂ ಭಾರವೆಲ್ಲ ಕೆಳಗಿನ ಹೆಗಲಿಗೇ. ಮೇಲಿನವನ ಕೈ ಜಾರಿದರೆ ಹಗ್ಗ ಅವನ ಅಂಗೈ ಉಜ್ಜುತ್ತದೆ. ಕೆಳಗಿನವನ ಕಾಲು ತಪ್ಪಿದರೆ ಟ್ಯಾಂಕು ಅವನ ಮೇಲೇ ಬರುತ್ತದೆ.

ಮಾವ ಯಾವಾಗಲೂ ಕೆಳಗಿನ ಹೆಗಲು. “ನಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ನಾನೇ ಸರಿ,” ಅನ್ನುತ್ತಿದ್ದ. ಅವ್ವ ಕಬ್ಬಿಣದ ಸ್ಟ್ಯಾಂಡು ಹೊರುತ್ತಿದ್ದಳು. ಗಾಜಿನ ಕೊಳವೆಗಳನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗುತ್ತಿದ್ದಳು.

ಅವತ್ತು ಮೆಟ್ಟಿಲು ತಿರುಗುವ ಕಡೆ ಯಾರೋ ಟೈಲ್ಸ್ ತೊಳೆದಿದ್ದರು. ಅಳಿಯ ಇಳಿಯುತ್ತಿದ್ದ. ಮೇಸ್ತ್ರಿ ಕೆಳಗಿನಿಂದ “ಬೇಗ ಬೇಗ, ಅಲ್ಲಿ ಸಾಹೇಬ್ರು ಹೊರಟ್ರಂತೆ” ಅಂತ ಕೂಗುತ್ತಿದ್ದ. ಮಾವನ ಕಾಲು ಜಾರಿತು. ಟ್ಯಾಂಕು ಮಾವನನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿಯಿತು. ಮೂಳೆ ಮುರಿದ ಸದ್ದು ಅವ್ವನಿಗೆ ಮೇಲಿನ ಅಂತಸ್ತಿಗೇ ಕೇಳಿಸಿತ್ತು. ಕೊಳವೆ ಒಡೆದ ಸದ್ದು ಅಂದುಕೊಂಡಳಂತೆ. ತನ್ನ ಕೈಯಲ್ಲಿದ್ದ ಕೊಳವೆಗಳನ್ನು ನೋಡಿಕೊಂಡಳಂತೆ. ಎಲ್ಲ ಸರಿಯಾಗೇ ಇದ್ದವು.

ಟ್ಯಾಂಕಿನ ತಗಡಿನಲ್ಲಿ ಒಂದು ಗುಳಿ ಬಿತ್ತು. ಮಾವನ ಸೊಂಟ ಇದ್ದ ಜಾಗದಲ್ಲಿ.

ಆಸ್ಪತ್ರೆಗೆ ಮೇಸ್ತ್ರಿಯೇ ಕರೆದುಕೊಂಡು ಹೋದ. ದಾರಿಯಲ್ಲಿ ಮಾವನ ಕಿವಿಯಲ್ಲಿ ಹೇಳಿದ. “ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು. ಕೆಲ್ಸದಲ್ಲಿ ಬಿದ್ದೆ ಅಂದ್ರೆ ಪೊಲೀಸು, ಕೇಸು. ಔಷಧಿ ನಾನ್ ನೋಡ್ಕೋತೀನಿ. ನಿನ್ ತಂಗೀದೂ ಕೆಲ್ಸ ಉಳೀಬೇಕಲ್ಲ?” ಮಾವ ಹಾಗೇ ಹೇಳಿದ. ಡಾಕ್ಟರಮ್ಮ ಬರೆದುಕೊಂಡರು.

ನಮ್ಮ ಮನೆಯಲ್ಲಿ ಬಚ್ಚಲೇ ಇಲ್ಲ. ಮೂಲೆಯಲ್ಲಿ ಒಂದು ಕಲ್ಲು, ಒಂದು ಪರದೆ. ಜಾರಿ ಬೀಳುವಷ್ಟು ಜಾಗವೂ ಇಲ್ಲ.

ಗುಳಿ ಬಿದ್ದ ಮೇಲೂ ಅಳಿಯ ನಿವೃತ್ತನಾಗಲಿಲ್ಲ. ಗುಳಿ ಇದ್ದ ಕಡೆಯನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದರು. ಫೋಟೋದಲ್ಲಿ ಕಾಣಬಾರದು.

“ದಿನಾ ಬಿಸಿನೀರಲ್ಲಿ ಒರೆಸಿ, ಇಲ್ಲದಿದ್ರೆ ಹುಣ್ಣಾಗುತ್ತೆ” ಅಂದಿದ್ದರು ಆಸ್ಪತ್ರೆಯಲ್ಲಿ. ನಮ್ಮದು ಒಂದೇ ಒಲೆ, ಒಂದೇ ಸಿಲಿಂಡರು. ಅದು ಅಡುಗೆಗೇ ಸಾಲದು. ಅವ್ವ ಕಟ್ಟಡಗಳ ಹಿಂದೆ ಬಿಸಾಕಿದ್ದ ಒಂದು ಡ್ರಮ್ಮು ತಂದಳು. ಉಜ್ಜಿ ಉಜ್ಜಿ ತೊಳೆದಳು. ಕಪ್ಪು ಬಣ್ಣ ಬಳಿದಳು. ಹಲಗೆಯ ಪೆಟ್ಟಿಗೆಯೊಳಗೆ ಅಡ್ಡ ಮಲಗಿಸಿ ಮೇಲೆ ಹಳೇ ಕಿಟಕಿಯ ಗಾಜು ಮುಚ್ಚಿ, ನಮ್ಮ ಮನೆಯ ಮೇಲಿಟ್ಟು, ಕೆಳಗೆ ಒಂದು ಪೈಪು ಇಳಿಬಿಟ್ಟಳು. ಬೆಳಿಗ್ಗೆ ಕೊಡದಲ್ಲಿ ನೀರು ಹೊತ್ತು ಏಣಿ ಹತ್ತಿ ತುಂಬುವುದು ನನ್ನ ಕೆಲಸ. ಮಧ್ಯಾಹ್ನಕ್ಕೆ ನಲ್ಲಿ ತಿರುಗಿಸಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ನಾನು ಕುಣಿದಾಡಿಬಿಟ್ಟೆ.

ಮೊದಲ ದಿನ ಆ ನೀರಲ್ಲಿ ಮಾವನನ್ನು ಒರೆಸಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಗೊರಕೆ. ಬಿದ್ದ ಮೇಲೆ ಮೊದಲ ಸಲ ಹಾಗೆ ನಿದ್ದೆ ಮಾಡಿದ್ದ. ಅವ್ವ ಬಾಗಿಲಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡಳು. ಹುಣ್ಣು ಒಣಗತೊಡಗಿತು. ಮಾವ ಬಾಗಿಲು ಹಾಕಿಸುವುದನ್ನು ಬಿಟ್ಟ. ಕುಳ್ಳ ಬಂದು ಪಕ್ಕದಲ್ಲೇ ಕೂತು ಜೋಕು ಹೇಳಿ ಹೋದ.

ಆಮೇಲೆ ಮಾವನಿಗೆ ಒಂದು ಯೋಚನೆ ಬಂತು. “ಇದಕ್ಕೂ ಪರವಾನಗಿ ಬೇಕು ಕಣವ್ವಾ. ಮನೆ ಮೇಲೆ ಬಿಸಿನೀರಿನ ಟ್ಯಾಂಕು ಇಟ್ರೆ ಆಫೀಸಿಗೆ ಹೇಳ್ಬೇಕು. ನಂಗೊತ್ತು, ನಾನು ಹೊತ್ತಿದೀನಲ್ಲ.” ನಮ್ಮ ಸಾಲಿನಲ್ಲಿ ತಗಡಿನ ಶೀಟು ಹೊದಿಸಿದವರಿದ್ದಾರೆ, ಗೋಡೆ ಮುಂದೆ ತಂದವರಿದ್ದಾರೆ. ಯಾರೂ ಯಾವ ಆಫೀಸಿಗೂ ಹೇಳಿಲ್ಲ. ನಿಯಮ ಇದೆ ಅಂತ ಅವರಿಗೆ ಗೊತ್ತೇ ಇಲ್ಲ. ಗೊತ್ತಿದ್ದದ್ದು ನಮಗೆ ಮಾತ್ರ. ಸುಳ್ಳು ಪರವಾನಗಿಗಾಗಿ ಬೆನ್ನು ಮುರಿದುಕೊಂಡವನು ನಿಜವಾದ ಪರವಾನಗಿ ಕೇಳೋಣ ಅಂದ.

ಅವ್ವ, ನಾನು ಹೋದೆವು. ಕೌಂಟರಿನವನು ಕೇಳಿದ. “ನಕ್ಷೆ ಮಂಜೂರಾಗಿದೆಯಾ?”

“ಯಾವ ನಕ್ಷೆ?”

“ನಿಮ್ಮ ಮನೇದು ಕಣಮ್ಮ.”

“ಮನೇನೇ ಸಣ್ಣದು ಸ್ವಾಮಿ. ನಕ್ಷೆ ಬರ್ದ್ರೆ ನಕ್ಷೇನೇ ದೊಡ್ಡದಾಗ್ತದೆ.”

ಅವನು ಪಕ್ಕದವನಿಗೆ ಹೇಳಿ ನಕ್ಕ. ಪಕ್ಕದವನು ಅವನ ಪಕ್ಕದವನಿಗೆ ಹೇಳಿದ. “ಮನೆಗೇ ಪರವಾನಗಿ ಇಲ್ಲ, ಮನೆ ಮೇಲಿನ ಡ್ರಮ್ಮಿಗೆ ಬೇಕಂತೆ!” ಇಡೀ ಕೋಣೆ ನಕ್ಕಿತು. ಅವ್ವ ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದಳು. ಎಲ್ಲಿ ಮನೆ ಅಂತ ಕೇಳಿ ಬರೆದುಕೊಂಡು ಕಳಿಸಿದರು.

ಮನೆ ಎಲ್ಲಿ ಅಂತ ನಾವೇ ಹೇಳಿದ್ದೆವು. ಅದನ್ನು ಹಿಡಿದುಕೊಂಡೇ ಬಂದರು. ಗಾಡಿ ತಂದಿದ್ದರು. ಮುಂದೆ ಸಾಹೇಬರು. ಅಳಿಯನ ಫೋಟೋ ತೆಗೆಯುವ ಅದೇ ಸಾಹೇಬರು. ನಮ್ಮ ಏಣಿ ನೋಡಿ, ಅದು ಮುರಿಯುತ್ತೆ ಅಂತ ಅವರ ಆಳುಗಳು ಹತ್ತಲಿಲ್ಲ. ಸಾಹೇಬರು ಅವ್ವನಿಗೆ ಹೇಳಿದರು. “ಹತ್ತಿಸಿದೋಳು ನೀನೇ ತಾನೆ? ನೀನೇ ಇಳಿಸು.”

ಅವ್ವ ಇಳಿಸಿದಳು. ಗಾಜು ಮೊದಲು. ಆಮೇಲೆ ಹಲಗೆ. ಆಮೇಲೆ ಡ್ರಮ್ಮು. ಒಳಗಿನ ಬಿಸಿನೀರು ಅವಳ ಮೈಮೇಲೆ ಚೆಲ್ಲಿತು. ಅವಳೇ ಅದನ್ನು ಹೆಗಲ ಮೇಲೆ ಹೊತ್ತು ಗಾಡಿಯವರೆಗೆ ಹೋದಳು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿದರು. ಒಳಗಿನಿಂದ ಮಾವ ಕೂಗುತ್ತಲೇ ಇದ್ದ. “ಏನದು ಸದ್ದು? ಏನೇ ಅದು ಸದ್ದು?”

ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಮಾವ ಮತ್ತೆ ಬಾಗಿಲು ಹಾಕಿಸಿದ.

ಅವ್ವ ಅವತ್ತಿನಿಂದ ಕೇಳುತ್ತಿದ್ದದ್ದು ಒಂದೇ. ಡ್ರಮ್ಮು ವಾಪಸ್ ಕೊಡಿ. ಆಫೀಸಿನ ಹಿಂದಿನ ಅಂಗಳದಲ್ಲಿ ಅದು ಬಿದ್ದಿತ್ತು. ಗೇಟಿನ ಸಂದಿಯಿಂದ ಕಾಣುತ್ತಿತ್ತು. ಕೆಲಸ ಮುಗಿಸಿ ಬರುವಾಗ ಅಲ್ಲಿ ಇಣುಕಿ ಬರುತ್ತಿದ್ದಳು.

ಈಗ ಅವಳು ಹಳದಿ ಕಟ್ಟಡದ ಮೇಲೆ ಕೂತಿದ್ದಾಳೆ.

ಮಾವನನ್ನು ಇಸ್ತ್ರಿ ಅತ್ತೆಗೆ ಒಪ್ಪಿಸಿ ಓಡಿದೆ. ಮಾವ ಮೊದಲ ಸಲ ಅವಳನ್ನು ಬೇಡ ಅನ್ನಲಿಲ್ಲ. ಅವಳು ಗಂಟು ಇಳಿಸಿ ಹೊಸ್ತಿಲ ಮೇಲೆ ಕೂತಳು. ಕಟ್ಟಡದ ಕೆಳಗೆ ಟೆಂಪೊ ನಿಂತಿತ್ತು, ಖಾಲಿ. ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ಒಂದು ಕ್ಷಣ ನಿಂತೆ. ಮಾವ ಬಿದ್ದದ್ದು ಈ ಕಟ್ಟಡದಲ್ಲಲ್ಲ. ಆದರೆ ಎಲ್ಲ ಕಟ್ಟಡಗಳ ತಿರುವೂ ಒಂದೇ ಥರ. ಒಬ್ಬ ಮನುಷ್ಯ ಸಿಕ್ಕಿಕೊಳ್ಳುವಷ್ಟು ಮೂಲೆ.

ಮೇಲೆ ಗಾಳಿ ಚಳಿಯಾಗಿ ಬೀಸುತ್ತಿತ್ತು. ಅವ್ವ ಟ್ಯಾಂಕಿಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತಿದ್ದಳು. ಹೊರೆ ಇಳಿಸುವ ಹಗ್ಗ ಅವಳ ಸೊಂಟಕ್ಕೆ ಎರಡು ಸುತ್ತು, ಟ್ಯಾಂಕಿಗೆ ಎರಡು ಸುತ್ತು. ಕುಳ್ಳ, ಇನ್ನಿಬ್ಬರು ಆಳುಗಳು ಕೈಕಟ್ಟಿ ನಿಂತಿದ್ದರು. ಮೇಸ್ತ್ರಿ ಅತ್ತಿಂದಿತ್ತ ನಡೆಯುತ್ತಿದ್ದ.

ನನ್ನನ್ನು ನೋಡಿ ಮೇಸ್ತ್ರಿಗೆ ಜೀವ ಬಂತು. “ಬಾರಮ್ಮ, ಬಾ. ಓದಿದೋಳು ನೀನು. ನಿಮ್ಮವ್ವಂಗೆ ಸ್ವಲ್ಪ ಬುದ್ಧಿ ಹೇಳು. ಅಲ್ಲಿ ಇನ್ನೊಂದು ಬಿಲ್ಡಿಂಗಲ್ಲಿ ಕಾಯ್ತಿದಾರೆ. ಇವಳು ನೋಡಿದ್ರೆ ಹುಚ್ಚು ಹಿಡಿದೋಳ ಹಾಗೆ ಕೂತಿದಾಳೆ.”

“ಏನಾಯ್ತವ್ವ?”

“ಏನಿಲ್ಲ. ಮಾವ ಉಂಡ್ನಾ?”

“ಉಂಡ.”

“ಬೆನ್ನು ಒರೆಸಿದ್ಯಾ?”

“ಅರ್ಧ.”

“ಅರ್ಧಕ್ಕೇ ಯಾಕೆ ಬಿಟ್ಟು ಬಂದೆ?”

“ನೀನು ಹಿಂಗೆ ಕೂತ್ಕೊಂಡ್ರೆ ನಾನು ಅಲ್ಲಿ ಬೆನ್ನು ಒರೆಸ್ತಾ ಕೂತಿರ್ಲಾ?” ಅಂದೆ. ಅವ್ವ ನಕ್ಕಳು. ಆ ನಗು ನನಗೆ ಹೆದರಿಕೆ ತಂದಿತು.

ಕುಳ್ಳ ಸಣ್ಣ ದನಿಯಲ್ಲಿ ಹೇಳಿದ. ಮಾವನ ಜಾಗಕ್ಕೆ ತಂದಿದ್ದ ಹೊಸಬ ನಿನ್ನೆಗೇ ಕೆಲಸ ಬಿಟ್ಟು ಓಡಿದ್ದಾನೆ. ಬೆಳಿಗ್ಗೆ ಸಾಹೇಬರು ಬಂದು ಫೋಟೋ ಹೊಡೆದು ಹೋದರು. ಇಳಿಸುವ ಹೊತ್ತಿಗೆ ಮೇಸ್ತ್ರಿ ಅವ್ವನನ್ನು ಕರೆದ. “ನಿನ್ನಣ್ಣ ಹೊರ್ತಿದ್ನಲ್ಲ, ಅದೇ ಮೈಕಟ್ಟು ನಿಂದೂ. ಕೆಳಗಿನ ಹೆಗಲು ಕೊಡು” ಅಂದ. ಅವ್ವ ಸಿಂಬೆ ಸುತ್ತಿ ಹೆಗಲ ಮೇಲಿಟ್ಟುಕೊಂಡಳು. ಬಾಗಿದಳು. ಟ್ಯಾಂಕಿನ ಅಡಿಗೆ ಹೆಗಲು ಕೊಟ್ಟಳು. ಆಮೇಲೆ ಹಾಗೇ ಕೂತುಬಿಟ್ಟಳು.

“ಯಾಕೆ?” ಅಂದೆ.

ಅವ್ವ ಹಿಂದೆ ಕೈ ಚಾಚಿ ಟ್ಯಾಂಕನ್ನು ಮುಟ್ಟಿದಳು. ಗುಳಿ ಅಲ್ಲಿತ್ತು. “ಹೆಗಲು ಸರಿಯಾಗಿ ಇದರೊಳಗೇ ಕೂತ್ಕೊಂತು ಕಣೇ,” ಅಂದಳು. “ನನಗೋಸ್ಕರಾನೇ ಮಾಡಿಟ್ಟ ಹಾಗಿತ್ತು.”

ಮೇಸ್ತ್ರಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ದನಿ ಮೆತ್ತಗಾಯಿತು. “ನೋಡು ತಂಗಿ. ನಿನ್ನಣ್ಣನ ಔಷಧಿ ನಾನೇ ನೋಡ್ಕೋತಿದೀನಿ. ಇವತ್ತಿಗೆ ಅದು ನಿಂತ್ರೆ? ನಿನ್ನ ಮಗಳ ಕಾಲೇಜು? ನಾಳೆ ಈ ಊರಲ್ಲಿ ಯಾವ ಮೇಸ್ತ್ರಿ ನಿನ್ನ ಕರೀತಾನೆ?”

“ಕರೀಬೇಡಿ.”

“ನಿನ್ನೊಬ್ಬಳಿಂದ ಇವರೆಲ್ಲರ ಹೊಟ್ಟೆ ಮೇಲೂ ಹೊಡೀತೀಯಾ?”

ಅವ್ವ ಆಳುಗಳನ್ನು ನೋಡಿದಳು. “ನಾನು ಯಾರ್ನೂ ಹಿಡ್ಕೊಂಡಿಲ್ಲ. ಹಗ್ಗ ಬಿಚ್ಕೊಳ್ರೋ. ಇಳಿಸ್ರೋ. ಮೇಲಿನ ಹಗ್ಗ ಬೇಕಾದ್ರೆ ನಾನೇ ಹಿಡೀತೀನಿ. ಕೆಳಗಿನ ಹೆಗಲು ಯಾರು ಕೊಡ್ತೀರಿ, ಹೇಳಿ.”

ಅವ್ವ ಮೇಸ್ತ್ರಿಯ ಕಡೆ ತಿರುಗಿದಳು.

“ಮೇಸ್ತ್ರಿ, ನೀನೇ ಕೊಡು. ನಿನ್ನ ಹೆಗಲು ಇನ್ನೂ ಹೊಸಾದು.”

ಒಬ್ಬ ಆಳು ಕೆಮ್ಮಿದ. ನಗು ನುಂಗಿದ ಕೆಮ್ಮು. ಮೇಸ್ತ್ರಿ ಎದ್ದು ಕುಳ್ಳನ ಕುತ್ತಿಗೆಗೆ ಕೈ ಹಾಕಿ ಮುಂದಕ್ಕೆ ತಳ್ಳಿದ. “ನೀ ನಡಿಯೋ. ಎರಡು ಮಕ್ಕಳ ತಂದೆ ನೀನು. ಕೆಲ್ಸ ಬೇಕೋ ಬೇಡ್ವೋ?”

ಕುಳ್ಳ ಅವ್ವನ ಮುಖ ನೋಡಲಿಲ್ಲ. ಅವ್ವ ತಾನೇ ಗಂಟು ಬಿಚ್ಚಿ ಪಕ್ಕಕ್ಕೆ ಸರಿದಳು. ಸಿಂಬೆ ತೆಗೆದು ಅವನ ಕೈಗೆ ಕೊಟ್ಟಳು. ಬೈಯಲಿಲ್ಲ. ಅವನು ಅದನ್ನು ಹೆಗಲ ಮೇಲೆ ಇಟ್ಟುಕೊಂಡ. ಬಾಗಿದ. ಹೆಗಲು ಗುಳಿಗೆ ತಾಗಿತು. ಅವನ ಬೆನ್ನು ಗಟ್ಟಿಯಾಯಿತು. ಎತ್ತುತ್ತಾನೆ ಅಂದುಕೊಂಡೆ. ಎತ್ತಲಿಲ್ಲ. ಬಾಗಿದ ಹಾಗೇ ಇದ್ದ. ಆ ಗುಳಿಯಲ್ಲಿ ಯಾರ ಸೊಂಟ ಇತ್ತು ಅಂತ ಅವನಿಗೆ ಗೊತ್ತು. ಆ ದಿನ ಮೇಲಿನ ಹಗ್ಗ ಹಿಡಿದಿದ್ದವನು ಅವನೇ.

ಟ್ಯಾಂಕಿನ ಅಡಿಯಿಂದ ಹೊರಗೆ ಬಂದ. ಸಿಂಬೆ ನೆಲಕ್ಕೆ ಹಾಕಿದ.

“ಆಗಲ್ಲ ಮೇಸ್ತ್ರಿ.”

“ಏನು ಆಗಲ್ಲ?”

“ಆಗಲ್ಲ ಅಂದ್ರೆ ಆಗಲ್ಲ. ನನ್ನ ಅಂಗೈ ನೋಡು.” ಅಂಗೈ ಚಾಚಿದ. ಹಗ್ಗ ಉಜ್ಜಿದ ಗಾಯ ಒಣಗಿ ಕಪ್ಪಗಾಗಿತ್ತು. “ನಂಗೆ ಅಷ್ಟೇ ಆಗಿದ್ದು. ಅವನಿಗೆ ಏನಾಯ್ತು ನೋಡಿದೀನಿ.”

ಮೇಸ್ತ್ರಿ ಅವನ ಕೆನ್ನೆಗೆ ಹೊಡೆದ. ಕುಳ್ಳ ಕೆನ್ನೆ ಸವರಿಕೊಳ್ಳಲೂ ಇಲ್ಲ. ಹೋಗಿ ಅವ್ವನ ಪಕ್ಕ ಕೂತ. ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರೂ ಕೂತರು. ನಾನು ನಿಂತೇ ಇದ್ದೆ. ಕೂರಬೇಕು ಅಂತ ಆಮೇಲೆ ಹೊಳೆಯಿತು.

ಲಿಫ್ಟಿನ ಬಾಗಿಲು ತೆರೆಯಿತು. ಸಾಹೇಬರು.

“ಎಷ್ಟು ಹೊತ್ರಿ? ಅಲ್ಲಿ ನಾನು ಬಿಸಿಲಲ್ಲಿ ನಿಂತಿದೀನಿ! ಇದಿನ್ನೂ ಇಲ್ಲೇ ಇದೆಯಲ್ಲ!”

ಅವ್ವ ಎದ್ದು ನಿಂತಳು. ಮೇಲಧಿಕಾರಿ ಬಂದರೆ ಎದ್ದು ನಿಲ್ಲುವುದು ಅವಳ ಮೈಗೇ ಅಂಟಿದ ಅಭ್ಯಾಸ. “ಇಲ್ಲೇ ಇರ್ಬೇಕಲ್ವಾ ಸಾಹೇಬ್ರೆ? ಬೆಳಿಗ್ಗೆ ನೀವೇ ಇಲ್ಲಿದೆ ಅಂತ ಬರ್ಕೊಂಡು ಹೋದ್ರಿ.”

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. “ಯಾರ್ರೀ ಇವಳು?”

“ನಾನು ಗೊತ್ತಿಲ್ವಾ?” ಅಂದಳು ಅವ್ವ. “ನಿಮ್ಮ ಗಾಡಿಗೆ ಡ್ರಮ್ಮು ಹೊತ್ತು ಹಾಕಿದೋಳು.”

ಗೊತ್ತಾಯಿತು. ಮುಖದಲ್ಲಿ ಕಂಡಿತು. “ಓ, ಅದಾ. ನೋಡಮ್ಮ, ಅದು ಕಾನೂನು. ನಿಮ್ಮ ಛಾವಣಿ ಆ ಭಾರ ತಡಿಯಲ್ಲ. ಮನೆಗೆ ನಕ್ಷೆ ಇಲ್ಲ. ಪರವಾನಗಿ ಇಲ್ದೆ ಮಡಗೋ ಹಾಗಿಲ್ಲ. ನಾಳೆ ಕುಸಿದು ಬಿದ್ರೆ ಯಾರ ತಲೆ ಮೇಲೆ? ನಿಮ್ಮ ಒಳ್ಳೇದಕ್ಕೇ ಮಾಡಿದ್ದು.”

“ನಮ್ಮ ಡ್ರಮ್ಮಿಂದ ಬಿಸಿನೀರು ಬರ್ತಿತ್ತು. ಅದಕ್ಕೆ ಪರವಾನಗಿ ಇಲ್ಲ. ಇದ್ರಿಂದ ಒಂದು ಹನಿ ಬರಲ್ಲ. ಇದಕ್ಕಿದೆ.” ಅವ್ವ ಪೈಪು ಹಿಡಿದು ಎಳೆದಳು. ಪೈಪು ಗೋಡೆಯಿಂದ ಕಳಚಿ ಅವಳ ಕೈಗೇ ಬಂತು. ಹಿಂದೆ ತೂತೂ ಇರಲಿಲ್ಲ. ಬಣ್ಣ ಬಳಿದ ಗೋಡೆ.

“ಏಯ್, ಮುಟ್ಬೇಡ ಅದನ್ನ!” ಸಾಹೇಬರು ಕೂಗಿದರು. ಆಮೇಲೆ ದನಿ ಇಳಿಸಿದರು. “ಏನ್ ಬೇಕು ನಿಂಗೆ?”

“ನಮ್ಮ ಡ್ರಮ್ಮು.”

ಅವರಿಗೆ ನಗು ಬಂತು. ನಿಜವಾಗಿಯೂ ನಗು. “ಅಷ್ಟೇನಾ? ಆ ಗುಜರಿಗೆ ಇಷ್ಟೆಲ್ಲಾನಾ?” ಮೇಸ್ತ್ರಿಯೂ ನಕ್ಕ. ಬಿಡುಗಡೆಯ ನಗು. “ಇಷ್ಟೇ ತಾನೆ ತಂಗಿ, ಮೊದ್ಲೇ ಹೇಳಬಾರ್ದಾ?”

“ದಿನಾ ಗೇಟಲ್ಲಿ ನಿಂತು ಹೇಳಿದೀನಿ,” ಅಂದಳು ಅವ್ವ. “ಇನ್ನೂ ಮುಗಿದಿಲ್ಲ. ಡ್ರಮ್ಮು ಬೇಕು. ಅದನ್ನ ಯಾರೂ ಮತ್ತೆ ಇಳಿಸಲ್ಲ ಅಂತ ನಿಮ್ಮ ಕೈಬರಹ ಬೇಕು. ಆಮೇಲೆ, ನಮ್ಮಣ್ಣ ಬಚ್ಚಲಲ್ಲಿ ಬಿದ್ದಿಲ್ಲ. ಇದರ ಕೆಳಗೆ ಬಿದ್ದ. ಅದನ್ನ ನೀವಿಬ್ರೂ ಅವನ ಮುಂದೆ ಹೇಳ್ಬೇಕು.”

ನಗು ನಿಂತಿತು.

“ನಾಳೆ ಆಫೀಸಿಗೆ ಬಾ. ಮಾತಾಡೋಣ,” ಅಂದರು ಸಾಹೇಬರು.

“ಆಫೀಸಿಗೆ ಬಂದಿದ್ವಿ. ನಕ್ಕು ಕಳಿಸಿದ್ರಿ. ನಾಳೆ ನೀವೇ ಇಲ್ಲಿಗೆ ಬನ್ನಿ. ಹತ್ತು ಗಂಟೆಗೆ. ಡ್ರಮ್ಮು ತಗೊಂಡು ಬನ್ನಿ. ಬರ್ಲಿಲ್ಲ ಅಂದ್ರೆ ಈ ಬಿಲ್ಡಿಂಗಲ್ಲಿ ಮನೆ ತಗೊಂಡೋರ್ನೆಲ್ಲ ಒಬ್ಬೊಬ್ಬರನ್ನೇ ಮೇಲೆ ಕರೀತೀನಿ. ಈ ಪೈಪು ಅವರ ಕೈಗೆ ಕೊಡ್ತೀನಿ.”

“ನಿನ್ನಣ್ಣ ಎದ್ದೇಳೋ ಹಾಗಿಲ್ವಲ್ಲ? ಅವನ ಮುಂದೆ ಹೆಂಗೆ ಹೇಳೋದು, ಇಲ್ಲಿ?” ಅಂದ ಮೇಸ್ತ್ರಿ. ಗೆದ್ದ ಹಾಗೆ.

ಅದನ್ನು ಅವ್ವ ಯೋಚಿಸಿರಲಿಲ್ಲ.

“ಹೊತ್ಕೊಂಡ್ ಬರ್ತೀವಿ,” ಅಂದ ಕುಳ್ಳ ಕೂತಲ್ಲಿಂದಲೇ. “ಕುರ್ಚಿಗೆ ಕಟ್ಟಿ. ಇಷ್ಟು ವರ್ಷ ಈ ಸತ್ತ ಅಳಿಯನ್ನ ಹೊತ್ತಿಲ್ವಾ? ಕೆಳಗಿನ ಹೆಗಲು ನಂದು.”

ಸಾಹೇಬರು ಲಿಫ್ಟ್ ಹತ್ತಿದರು. ಹತ್ತು ಗಂಟೆಗೆ ಬರುತ್ತೇನೆ ಅಂದರು. ಅವರು ಅಂದ ರೀತಿ ನೋಡಿ ನಾನು ನಂಬಲಿಲ್ಲ. ಮೇಸ್ತ್ರಿ ತಾರಸಿ ಬಾಗಿಲಿಗೆ ಬೀಗ ತಂದ. “ನಾಳೆವರ್ಗೂ ಇಲ್ಲೇ ಇರಿ. ಒಂದು ತೊಟ್ಟು ನೀರು ಸಿಗಲ್ಲ. ಚಳೀಲಿ ಬುದ್ಧಿ ಬರ್ಲಿ. ನಾಳೆಯಿಂದ ನಿಮ್ಮ ಒಬ್ರಿಗೂ ಕೆಲ್ಸ ಇಲ್ಲ.”

“ಹಾಕು,” ಅಂದಳು ಅವ್ವ. ಮತ್ತೆ ಹಗ್ಗ ಎತ್ತಿಕೊಂಡು ಸೊಂಟಕ್ಕೆ ಸುತ್ತತೊಡಗಿದಳು. ಕುಳ್ಳ ಇನ್ನೊಂದು ತುದಿ ಹಿಡಿದ. ನನ್ನನ್ನು ಹೊರಕ್ಕೆ ತಳ್ಳಿದಳು. “ಹೋಗು. ಮಾವನಿಗೆ ಉಳಿದರ್ಧ ಒರೆಸು. ಬೆಳಿಗ್ಗೆ ಇಸ್ತ್ರಿ ಅತ್ತೆ ಗಂಡನ್ನ ಕರ್ಕೊಂಡು ಮಾವನ್ನ ಈ ಬಿಲ್ಡಿಂಗ್ ಬಾಗಿಲ ತನಕ ತನ್ನಿ. ಮೇಲಿಂದ ಕುಳ್ಳ ಇಳಿದು ಬರ್ತಾನೆ. ಬೀಗ ತೆಗೀದೆ ಇದ್ರೆ ಒಡೆದು ಬರ್ತಾನೆ.”

ಬೀಗ ಬಿದ್ದ ಸದ್ದು ನನ್ನ ಬೆನ್ನ ಹಿಂದೆ ಕೇಳಿಸಿತು.

ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಇಸ್ತ್ರಿ ಅತ್ತೆ ಒಳಗೆ, ಮಾವನ ಮಂಚದ ಪಕ್ಕದಲ್ಲೇ ಕೂತಿದ್ದಳು. ಮೂಗು ಮುಚ್ಚಿರಲಿಲ್ಲ. ನಾನು ಎಲ್ಲ ಹೇಳಿದೆ. ಮಧ್ಯೆ ಮಧ್ಯೆ ತೊದಲಿದೆ, ಮುಂದಿನದನ್ನು ಮೊದಲು ಹೇಳಿದೆ, ಪೈಪು ಕಳಚಿ ಬಂದದ್ದನ್ನು ಎರಡು ಸಲ ಹೇಳಿದೆ. ಮಾವ ಪೂರ್ತಿ ಕೇಳಿದ. ಕುಳ್ಳ ಕೆಳಗಿನ ಹೆಗಲು ಕೊಡುತ್ತಾನಂತೆ ಅಂದಾಗ ಕಣ್ಣು ಮುಚ್ಚಿಕೊಂಡ.

“ಅವನಿಗೆ ತಿರುವಿನಲ್ಲಿ ಬಲಗಾಲು ಮೊದ್ಲು ಇಡು ಅಂತ ಹೇಳ್ಬೇಕು,” ಅಂದ.

ನಾನು ಬಕೆಟ್ಟಿಗೆ ನೀರು ತುಂಬಿ ತಂದೆ. ನೀರು ಮಂಜಿನ ಹಾಗಿತ್ತು. ಬಟ್ಟೆ ಅದ್ದಿ ಹಿಂಡಿದೆ.

“ನಾಳೆ ಅಷ್ಟು ಜನರ ಮಧ್ಯೆ ಹೋಗ್ಬೇಕಲ್ಲ ಮಾವ. ಚೆನ್ನಾಗಿ ಒರೆಸ್ಬಿಡ್ತೀನಿ. ಪೌಡರ್ ಹಾಕ್ತೀನಿ. ಬಿಳಿ ಅಂಗಿ ಹಾಕ್ಕೋ.”

ಮಾವ ಕೈ ಎತ್ತಿ ನನ್ನ ಕೈ ತಡೆದ. ಬಿದ್ದ ಮೇಲೆ ಅಷ್ಟು ಗಟ್ಟಿಯಾಗಿ ಅವನು ಏನನ್ನೂ ಹಿಡಿದಿರಲಿಲ್ಲ.

“ಬೇಡ.”

“ವಾಸ್ನೆ ಬರುತ್ತೆ ಮಾವ.”

“ಬರ್ಲಿ. ಬಟ್ಟೆ ತೆಗೆದಿಡು. ಇವತ್ತು ಒರೆಸ್ಬೇಡ, ನಾಳೆ ಬೆಳಿಗ್ಗೇನೂ ಒರೆಸ್ಬೇಡ. ಆ ಸಾಹೇಬ್ರು, ಮೇಸ್ತ್ರಿ ಪಕ್ಕದಲ್ಲೇ ಕೂರಿಸು ನನ್ನ.” ಮಾವ ತೆರೆದ ಬಾಗಿಲ ಕಡೆ ನೋಡಿದ. “ಹತ್ತು ಗಂಟೆಗೆ ತಾನೆ ಅಂದದ್ದು? ಹತ್ತು ಗಂಟೆಗೆ ಹಿಂಗೇ ಬರ್ತೀನಿ.”